ನನ್ನ ತಪ್ಪಿಗೆ ಊರಿದ ಮಂಡಿ

ಸಂತ ವಾಲ್ಬರ್ಟರ ಮಠ, ಬರ್ಗಂಡಿ
14 ಏಪ್ರಿಲ್ 1961

ಪ್ರೀತಿಯ ತಂಗಿ ಸೊಲಾಂಜ್,

ಚೆನ್ನಾಗಿದ್ದೀಯಾ? ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಾವು ಕಾಗದ ಬರೆಯುವಂತಿಲ್ಲ, ನಿನಗೆ ಗೊತ್ತೇ ಇದೆ. ಹಬ್ಬ ಮುಗಿದ ಮೇಲೂ ಬರೆಯಲಿಲ್ಲವಲ್ಲ, ಅದಕ್ಕೆ ಬೇಕಾದಷ್ಟು ಬೈದುಕೋ. ಇಲ್ಲಿ ಪೇರ್ ಮರಗಳು ಹೂಬಿಟ್ಟಿವೆ. ನಮ್ಮ ಸನ್ಯಾಸಿ ಗಾಸಿಯನ್ ಜೇನುಗೂಡಿಗೆ ಕೈಹಾಕಲು ಹೋಗಿ ಮೂಗು ಊದಿಸಿಕೊಂಡಿದ್ದಾನೆ.

ಅವನ ಇನ್ನೊಂದು ವಿಷಯ ಹೇಳಬೇಕು. ಕೀರ್ತನೆ ಹಾಡುವಾಗ ತಪ್ಪಿದವನು ನಿಂತಲ್ಲೇ ಮಂಡಿಯೂರಿ ಏಳಬೇಕು, ಅದು ನಮ್ಮ ಕಟ್ಟಳೆ. ಈ ಚಳಿಗಾಲದಿಂದ ನನ್ನ ಪಕ್ಕದ ಗಾಸಿಯನ್ ದಿನಾ ಮಂಡಿಯೂರತೊಡಗಿದ. "ಏನಯ್ಯಾ, ವಯಸ್ಸಾಯ್ತಾ?" ಅಂದೆ. "ಮಂಡಿ ಹಿಡ್ಕೊಂಡಿದೆ ಮಾರಾಯ, ಸಡಿಲ ಮಾಡ್ಕೋತಿದೀನಿ" ಅಂದ. ಆಮೇಲೆ ಎದುರು ಸಾಲಿನ ಅಮಾಂಡ್ ಶುರುಮಾಡಿದ, ಶ್ರುತಿಯಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ. ನನ್ನ ಪಿತ್ತ ನೆತ್ತಿಗೇರಿತು. ಎಷ್ಟೋ ವರ್ಷದಿಂದ ಹಾಡಿನ ಎತ್ತುಗಡೆ ನನ್ನದು. ನಾನು ತೆಗೆದ ಸ್ವರಕ್ಕೇ ಉಳಿದವರು ಸೇರಬೇಕು. "ಕಿವಿ ಎಲ್ಲಿಟ್ಟಿದ್ದೀರಿ?" ಅಂತ ಹಾಡಿನ ಅಭ್ಯಾಸದಲ್ಲಿ ಎಲ್ಲರನ್ನೂ ಬೈದೆ. ಎಲ್ಲರೂ ತಲೆಬಾಗಿಸಿ ಬೈಸಿಕೊಂಡರು.

ಮೊನ್ನೆ ಮಠಾಧಿಪತಿಗಳು ತೋಟಕ್ಕೆ ಕರೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಗಿ, ಗಟ್ಟಿಯಾಗಿ ಹೇಳಿದರು: "ಒಡಿಲೋನ್, ತಪ್ತಾ ಇರೋದು ನೀನು. ನಿನಗೆ ಕೇಳಿಸ್ತಾ ಇಲ್ಲ. ನಿನ್ನ ಬದಲು ಅವರು ಮಂಡಿ ಊರ್ತಿದ್ದಾರೆ."

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ ಕಣೇ. ನಾಚಿಕೆಗೋ ಅವರ ಪ್ರೀತಿಗೋ, ನನಗೇ ಗೊತ್ತಾಗಲಿಲ್ಲ. ಎತ್ತುಗಡೆ ಈಗ ಅಮಾಂಡ್‌ನದು. ನಾನು ಹಿಂದಿನ ಸಾಲಿನಲ್ಲಿ ನಿಂತು ತುಟಿ ಆಡಿಸುತ್ತೇನೆ. ಗಾಸಿಯನ್ ತಾನೂ ಕೇಳಿಕೊಂಡು ಹಿಂದಕ್ಕೆ ಬಂದಿದ್ದಾನೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಮೊಣಕೈಯಿಂದ ತಿವಿಯುತ್ತಾನೆ. ಪಕ್ಕೆಲುಬು ನೋಯುತ್ತದೆ, ಆದರೂ ಬೇಡ ಅನ್ನಲು ಮನಸ್ಸು ಬರುವುದಿಲ್ಲ.

ದೇವರು ನಿನ್ನನ್ನೂ ನಿನ್ನ ಗಂಡ ರೆಮಿಯನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಒಡಿಲೋನ್

ಮತ್ತೊಂದು ಮಾತು: ಹಬ್ಬದ ಹಿಂದಿನ ವಾರ, ಗರಿಗಳ ಭಾನುವಾರ ನೀನು ಫೋನ್ ಮಾಡಿದ್ದೆಯಲ್ಲ, ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಏನೋ ಸಂತೋಷದ ಸುದ್ದಿ ಇರಬೇಕೆಂದು "ಒಳ್ಳೇದಾಯ್ತು, ಒಳ್ಳೇದಾಯ್ತು" ಅಂತ ನಕ್ಕು ಇಟ್ಟುಬಿಟ್ಟೆ. ಬಾಗಿಲು ಕಾಯುವ ಗಾಸಿಯನ್ ಫೋನ್ ಎತ್ತಿಕೊಟ್ಟು ಪಕ್ಕದಲ್ಲೇ ಇದ್ದ. ನೀನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ ಅಂತ ನಿನ್ನೆ ಹೇಳಿದ. ಸೊಲಾಂಜ್, ನಾನು ಒಳ್ಳೇದಾಯ್ತು ಅಂದದ್ದು ಯಾವುದಕ್ಕೆ? ಬರೆದು ಕಳಿಸೇ.