ಚಂದ್ರನ ಮೇಲಿನ ತೂಕದ ಕಲ್ಲು

ಅಂಗಡಿಯ ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಮೂರು ದಿನ ನಮ್ಮ ತಕ್ಕಡಿ ಅಂಗಡಿಗೆ ಬೀಗ. ಹಳೆಯ ಹಾಸಿಗೆ ಒಂದು, ಒಳಗಿನ ಹತ್ತಿಯ ಸಮೇತ ಖಲಾಸ್. ಎರಡು ಡಬ್ಬ ಕಬ್ಬಿಣದ ಚೂರು. ನನ್ನ ಎಡಗೈ ಹೆಬ್ಬೆರಳಿನ ಅರ್ಧ ಉಗುರು. ಎದುರಿನ ತರಕಾರಿ ಅಂಗಡಿಯವಳ ಮುಂದೆ ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಗತ್ತು, ಪೂರ್ತಿ. ನಿನ್ನ ಹೆಂಡತಿಯ ಶಾಲೆಗೆ ಹೋಗಿ ಗ್ರಹಗಳನ್ನು ತೂಗಲು ನಿಂತಿದ್ದಕ್ಕೆ ಒಟ್ಟು ಆದ ಖರ್ಚು ಇಷ್ಟು. ಅಯ್ಯೋ, ನೋಡು, ಮಗನ ಕ್ಷೇಮ ಕೇಳುವ ಮೊದಲೇ ಲೆಕ್ಕ ಒಪ್ಪಿಸಲು ಕೂತೆ. ಹಲ್ಲುನೋವು ಹೇಗಿದೆಯೋ? ಕೀಳಿಸಿದೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡು ಸೇತುವೆ ಕಟ್ಟಿಸುತ್ತಿದ್ದೀಯೋ? ನಿಮ್ಮಪ್ಪನೂ ಹಾಗೇ, ಹಲ್ಲು ಬಿದ್ದರೂ ಡಾಕ್ಟರ ಮನೆ ಮೆಟ್ಟಿಲು ಹತ್ತಿದವರಲ್ಲ. ಬಿಡಾರದ ನೀರು ಕುದಿಸಿ ಕುಡಿ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ.

ನಿನ್ನ ಹೋದ ತಿಂಗಳ ಕಾಗದ ನನ್ನ ತಲೆದಿಂಬಿನ ಕೆಳಗಿದೆ. ಮೂರು ವರ್ಷದಿಂದ ಅವಳು ಆ ಶಾಲೆಯಲ್ಲಿ ತಾತ್ಕಾಲಿಕ ವಿಜ್ಞಾನ ಟೀಚರಾಗಿ ದುಡಿದದ್ದು ಸಾಕು, ಈ ಸಲವೂ ಕೆಲಸ ಖಾಯಂ ಆಗದಿದ್ದರೆ ಬಿಟ್ಟು ನಿನ್ನ ಬಿಡಾರಕ್ಕೆ ಬರಲಿ, ನೀನೇ ಬಂದು ಕರೆದುಕೊಂಡು ಹೋಗುತ್ತೀಯ, ಈ ಮಾತನ್ನು ನಾನೇ ಸಮಯ ನೋಡಿ ಅವಳ ಕಿವಿಗೆ ಹಾಕಬೇಕು ಅಂತ ನೀನು ಬರೆದಿದ್ದೆ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಓದಿದಾಗ ನನಗೂ ಒಳಗೊಳಗೇ ಖುಷಿಯಾಗಿತ್ತು. ನನ್ನ ಲೆಕ್ಕ ಬೇರೆಯಿತ್ತು. ಕೆಲಸ ಹೋದರೆ ಬಿಡಾರದ ಧೂಳಿಗೆ ಯಾಕೆ ಕಳಿಸಲಿ, ಇಲ್ಲೇ ಅಂಗಡಿಯಲ್ಲಿ ಕೂರಿಸಿಕೊಳ್ಳೋಣ, ನನ್ನ ಕಣ್ಣು ಮಂಜಾಗುತ್ತಿದೆ, ತಕ್ಕಡಿಯ ಮುಳ್ಳು ನೋಡಲು ಎಳೆಗಣ್ಣು ಬೇಕು ಅಂತ. ಒಟ್ಟಿನಲ್ಲಿ ಅವಳು ಸೋಲಲಿ ಅಂತ ಕಾಯುತ್ತಿದ್ದವರು ಇಬ್ಬರು, ಒಬ್ಬ ಗಂಡ, ಒಬ್ಬಳು ಅತ್ತೆ. ಪಾಪ, ಅದು ಅವಳಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಹೆಡ್‌ಮೇಷ್ಟ್ರು ಒಂದು ಪ್ರದರ್ಶನ ಗೊತ್ತುಮಾಡಿದರು. ಸೌರಮಂಡಲದ ಬಗ್ಗೆ ಒಂದೊಂದು ಕ್ಲಾಸೂ ಏನಾದರೂ ಮಾಡಬೇಕು, ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ನೋಡುತ್ತಾರೆ, ಅವರು ಬರೆದ ವರದಿಯ ಮೇಲೆ ಇವಳ ಕೆಲಸ ಖಾಯಂ ಆಗುವುದೋ ಇಲ್ಲವೋ ತೀರ್ಮಾನ. ಬೇರೆ ಟೀಚರುಗಳು ಕಾಗದದ ಉಂಡೆಗೆ ಬಣ್ಣ ಬಳಿದು ದಾರಕ್ಕೆ ನೇತುಹಾಕುವುದಕ್ಕೆ ಹೊರಟರು. ಇವಳು ಸಂಜೆ ಬಂದವಳೇ ಚಪ್ಪಲಿ ಕೂಡ ಬಿಡದೆ, "ಅತ್ತೆ, ಯಾವ ಗ್ರಹದ ಮೇಲೆ ಎಷ್ಟು ತೂಗ್ತೀವಿ ಅಂತ ನಮ್ಮ ತಕ್ಕಡೀಲೇ ತೋರಿಸಬಹುದಲ್ವಾ?" ಅಂದಳು. ಗ್ರಹ ಬದಲಾದರೆ ತೂಕ ಯಾಕಮ್ಮ ಬದಲಾಗಬೇಕು, ಅಲ್ಲೇನು ಬೇರೆ ಕಿಲೋನಾ ಅಂತ ನಾನು ನಕ್ಕೆ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಶುರುವಾಯಿತು. ನಾಲ್ಕನೇ ಕ್ಲಾಸಿಗೆ ನಿಂತಿದ್ದು ಮತ್ತೆ ಚಾಲೂ.

ಅಡುಗೆಮನೆಯಲ್ಲಿ ಕೂತು ಅವಳು ಹೇಳಿದ್ದು ಕೇಳು. ಸೂರ್ಯ, ಗ್ರಹಗಳು, ಅವುಗಳ ಚಂದ್ರಗಳು, ಚಿಲ್ಲರೆ ಕಲ್ಲುಮಣ್ಣು ಎಲ್ಲ ಸೇರಿಸಿ ನೂರು ಕಿಲೋ ಮೂಟೆ ಕಟ್ಟಿದರೆ ಅದರಲ್ಲಿ ತೊಂಬತ್ತೊಂಬತ್ತು ಕಿಲೋ ಎಂಟುನೂರರವತ್ತು ಗ್ರಾಂ ಸೂರ್ಯ ಒಬ್ಬನೇ ಅಂತೆ! ಉಳಿದದ್ದು ನೂರೈವತ್ತು ಗ್ರಾಂ ಕೂಡ ಇಲ್ಲ. ಅದರಲ್ಲಿ ಗುರು ಅನ್ನುವ ದೊಡ್ಡಪ್ಪ ತೊಂಬತ್ತೈದು ಗ್ರಾಂ ಹೊಡೆದುಕೊಂಡ. ಶನಿಗೆ ಇಪ್ಪತ್ತೆಂಟು. ಯುರೇನಸ್, ನೆಪ್ಚೂನ್ ಅನ್ನುವ ದೂರದ ಸಂಬಂಧಿಕರಿಗೆ ಇಬ್ಬರಿಗೂ ಸೇರಿ ಹತ್ತು ಗ್ರಾಂ ಹತ್ತಿರ. ಹಾಗಾದರೆ ನಮ್ಮ ಭೂಮಿಗೆ ಎಷ್ಟು ಅಂತ ಕೇಳಿದೆ. ಮುನ್ನೂರು ಮಿಲಿಗ್ರಾಂ ಅಂದಳು. ನಾನು ಬಾಯಿಮಾತು ನಂಬುವವಳಲ್ಲವಲ್ಲ, ಎದ್ದು ಹೋಗಿ ಅಕ್ಕಸಾಲಿಗರ ಸಣ್ಣ ತಕ್ಕಡಿ ತಂದು ಉಪ್ಪು ಹಾಕಿ ತೂಗಿದೆ. ಒಂದು ಚಿಟಿಕೆ, ಅಷ್ಟೇ ಕಣೋ. ಸಾರಿಗೆ ಹಾಕಿದರೆ ಸಪ್ಪೆ ಅನ್ನುವಷ್ಟು. ಅದರಲ್ಲೇ ಎಲ್ಲ ಸಮುದ್ರ, ಎಲ್ಲ ಬೆಟ್ಟ, ನಿನ್ನ ಸೇತುವೆ, ನನ್ನ ಅಂಗಡಿ. ಬಹಳ ಹೊತ್ತು ಆ ಉಪ್ಪನ್ನು ಡಬ್ಬಕ್ಕೆ ವಾಪಸು ಹಾಕಲು ಮನಸ್ಸಾಗಲಿಲ್ಲ.

ಮಾರನೆಯ ದಿನದಿಂದ ನಾನೇ ಅವಳು ಬರುವ ದಾರಿ ಕಾಯತೊಡಗಿದೆ. ಶುಕ್ರ ಎಂಥ ಸೋಮಾರಿ ಗೊತ್ತಾ? ತನ್ನ ಸುತ್ತ ತಾನು ಒಂದು ಸಲ ತಿರುಗುವಷ್ಟರಲ್ಲಿ ಸೂರ್ಯನ ಸುತ್ತ ಒಂದು ಸುತ್ತು ಮುಗಿದೇ ಹೋಗಿರುತ್ತದೆ, ಅದೂ ತಿರುಗುವುದು ಉಲ್ಟಾ. ಗುರು ಅಷ್ಟು ದಪ್ಪ ಇದ್ದರೂ ಹತ್ತು ಗಂಟೆಯೊಳಗೆ ಒಂದು ತಿರುಗು ತಿರುಗಿ ಮುಗಿಸುತ್ತಾನೆ, ಕೂತ ಜಾಗದಿಂದ ಏಳದ ನಿನ್ನ ಸೋದರಮಾವ ಕಲಿಯಬೇಕು. ನೆಪ್ಚೂನಿಗೆ ಒಂದು ವರ್ಷ ಅಂದರೆ ನಮಗೆ ನೂರ ಅರವತ್ತೈದು, ಅಲ್ಲಿ ಯಾರಿಗೂ ಮೊದಲನೇ ಹುಟ್ಟುಹಬ್ಬವೇ ಬರುವುದಿಲ್ಲ. ಶನಿ ಭೂಮಿಯ ತೊಂಬತ್ತೈದರಷ್ಟು ಭಾರ ಇದ್ದರೂ ಅಲ್ಲಿ ಹೋಗಿ ತೂಗಿದರೆ ಇಲ್ಲಿಗಿಂತ ಚೂರೇಚೂರು ಹೆಚ್ಚು, ಯಾಕೆಂದರೆ ಅವನ ಮೈಯೆಲ್ಲ ಗಾಳಿ ತುಂಬಿ ಉಬ್ಬಿದ್ದು. ಆದರೆ ಶನಿಯ ಮೇಲೆ, ಗುರುವಿನ ಮೇಲೆ ನಿಲ್ಲಲು ನೆಲವೇ ಇಲ್ಲ, ಮೋಡದ ಮೇಲೆ ನಿಂತೆವು ಅಂತ ಅಂದುಕೊಂಡು ಲೆಕ್ಕ ಹಾಕುವುದು ಅಂದಳು. ನಿಲ್ಲಲು ನೆಲ ಇಲ್ಲದ ಕಡೆ ತೂಗಿ ಏನು ಮಾಡುತ್ತೀಯೇ ಅಂದರೆ, "ನಿಮ್ಮ ಹಾಗೆ ಕೇಳೋರು ನನ್ನ ಕ್ಲಾಸಲ್ಲಿ ಇಬ್ಬರಿದ್ದಿದ್ರೆ ಸಾಕಿತ್ತು ಅತ್ತೆ" ಅಂದಳು. ಹೊಗಳಿಕೆ ಅಂತ ಗೊತ್ತಿದ್ದೂ ಉಬ್ಬಿದೆ. ಶನಿಯ ಹಾಗೇ.

ಎಡವಟ್ಟು ಆಗಿದ್ದು ಮುಂದೆ. ಅವಳು ಕೇಳಿದ್ದು ಸ್ಪ್ರಿಂಗ್ ತಕ್ಕಡಿ. ನನಗೆ ಮೈಯೆಲ್ಲ ಉರಿಯಿತು. ನಮ್ಮದು ದಂಡದ ತಕ್ಕಡಿ ರಿಪೇರಿ ಮಾಡಿ ಮಾನವಾಗಿ ಬದುಕಿದ ಮನೆ. ಸ್ಪ್ರಿಂಗು ಅಂದರೆ ಇವತ್ತೊಂದು ಎಳೆಯುತ್ತದೆ, ನಾಳೆಯೊಂದು. ಎದುರಿನ ತರಕಾರಿಯವಳು ಅದನ್ನು ನೇತುಹಾಕಿದ ದಿನದಿಂದ ನಾನು ಅವಳಿಗೆ ಮೂತಿ ತಿರುವಿದ್ದೇನೆ. ಪರೀಕ್ಷಕರ ಕಣ್ಣಿಗೆ ಬೀಳಬೇಕಾದರೆ ಎರಡು ತಟ್ಟೆಯ ತಕ್ಕಡಿಯೇ ಆಗಬೇಕು, ನೀನು ಮಕ್ಕಳಿಗೆ ಪಾಠ ಒಪ್ಪಿಸಲು ಕಲಿಸು, ಉಳಿದದ್ದು ನನಗೆ ಬಿಡು ಅಂದೆ. ಹಿರಿಯಳ ಮಾತು, ತೆಗೆದುಹಾಕಲಾರದೆ ಒಪ್ಪಿದಳು.

ಎಂಟು ತಕ್ಕಡಿ ಉಜ್ಜಿ ಬೆಳಗಿದೆ. ಚಂದ್ರನಿಗೊಂದು, ಭೂಮಿ ಬಿಟ್ಟು ಉಳಿದ ಏಳು ಗ್ರಹಗಳಿಗೆ ಒಂದೊಂದು. ಎಲ್ಲದರ ಎಡತಟ್ಟೆಯಲ್ಲೂ ಒಂದೇ ಅಳತೆಯ ಬಟ್ಟೆ ಮೂಟೆ, ಮೇಲೆ ದಪ್ಪ ಅಕ್ಷರದಲ್ಲಿ "ಆರು ಕಿಲೋ". ಬಲತಟ್ಟೆಯಲ್ಲಿ ತೂಕದ ಕಲ್ಲು, ಚಂದ್ರನಿಗೆ ಒಂದು ಕಿಲೋ, ಮಂಗಳನಿಗೆ ಎರಡೂಕಾಲು, ಗುರುವಿಗೆ ಹದಿನೈದು, ಹೀಗೆ. ದಂಡ ಸಮ ನಿಲ್ಲಬೇಕಲ್ಲ, ಅದಕ್ಕೆ ಮೂಟೆಯೊಳಗೆ ನನ್ನ ಕೈಚಳಕ. ಚಂದ್ರನ ಮೂಟೆಗೆ ಹಾಸಿಗೆ ಬಿಚ್ಚಿ ಹತ್ತಿ ತುಂಬಿದೆ, ಗುರುವಿನ ಮೂಟೆಗೆ ಕಬ್ಬಿಣದ ಚೂರು. ಉಗುರು ಹೋಗಿದ್ದು ಆಗಲೇ. ಹಿಂದಿನ ದಿನ ಸಂಜೆ ಎಂಟೂ ತಕ್ಕಡಿ ಶಾಲೆಯ ಹಜಾರದಲ್ಲಿ ಸಾಲಾಗಿ ತೂಗಿದವು, ಕೂದಲಷ್ಟೂ ವಾಲದೆ. ಇವಳು ಬಂದು ನೋಡಿದಳು, ಖುಷಿಪಟ್ಟಳು, ಆಮೇಲೆ ಚಂದ್ರನ ತಕ್ಕಡಿಯ ಮುಂದೆ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನಿಂತಳು. "ಏನೋ ಒಂದು ಕೊಕ್ಕೆ ಇದೆ ಅನ್ನಿಸ್ತಿದೆ ಅತ್ತೆ, ಹೊಳೀತಿಲ್ಲ" ಅಂದಳು. ಹೋಗಿ ಮಲಗು, ಸುಸ್ತು ಅಂದೆ.

ಪ್ರದರ್ಶನದ ದಿನ ಪರೀಕ್ಷಕರು ಬಂದರು. ಬಡಕಲು ಮನುಷ್ಯ, ಕಾಗದದ ಉಂಡೆಗಳ ಮುಂದೆ ಆಕಳಿಸಿಕೊಂಡೇ ಬಂದವರು ನಮ್ಮ ತಕ್ಕಡಿ ಸಾಲು ಕಂಡು ಕನ್ನಡಕ ಏರಿಸಿಕೊಂಡರು. ಮಕ್ಕಳು ಗಿಣಿಗಳ ಹಾಗೆ ಒಪ್ಪಿಸಿದವು. "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಅಂತ ಎರಡು ಸಲ ಅಂದು ಏನೋ ಬರೆದುಕೊಂಡರು. ಹೆಡ್‌ಮೇಷ್ಟ್ರ ಮುಖ ಅರಳಿತು. ನನಗೋ, ಅಂಗಡಿಯಲ್ಲಿ ಕೂರಲು ಇನ್ನು ಇವಳು ಸಿಗುವುದಿಲ್ಲ ಅನ್ನುವುದು ಮರೆತೇಹೋಗಿತ್ತು, ಗೆದ್ದೆವು ಅನ್ನುವುದೊಂದೇ. ಅವರು ಮುಂದಿನ ಕೋಣೆಗೆ ಹೋಗಲು ಹೆಜ್ಜೆ ಎತ್ತಿದ್ದರು. ಆಗ ನೋಡು, ಮೊಮ್ಮಗಳ ಕೈಹಿಡಿದು ನೋಡಲು ಬಂದಿದ್ದ ತರಕಾರಿಯವಳು ಚಂದ್ರನ ತಕ್ಕಡಿಯ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲಾ ತಕ್ಕಡಿಯಮ್ಮ, ಚಂದ್ರನ ಮೇಲೆ ಮೂಟೆ ಹಗುರ ಆದ್ರೆ ತೂಕದ ಕಲ್ಲೂ ಹಗುರ ಆಗ್ಬೇಕಲ್ವಾ? ಕಲ್ಲೇನು ಚಂದ್ರನ ಅಳಿಯನಾ, ಅದಕ್ಕೊಂದು ಬೇರೆ ಮರ್ಯಾದೆ?"

ಪುಟ್ಟಾ, ಐವತ್ತು ವರ್ಷ ತಕ್ಕಡಿಯ ಜೊತೆ ಸಂಸಾರ ಮಾಡಿದವಳಿಗೆ ಹೊಳೆಯದ್ದು ಸೌತೆಕಾಯಿ ಮಾರುವವಳಿಗೆ ಹೊಳೆಯಿತು. ಎರಡು ತಟ್ಟೆಯ ತಕ್ಕಡಿ ಮೂಟೆಯನ್ನು ಕಲ್ಲಿನ ಜೊತೆ ಹೋಲಿಸುತ್ತದೆ, ಅಷ್ಟೇ. ಚಂದ್ರನ ಮೇಲೆ ಎರಡೂ ಒಟ್ಟಿಗೇ ಆರರಲ್ಲಿ ಒಂದು ಪಾಲಾದರೆ ದಂಡ ಕದಲುವುದೇ ಇಲ್ಲ. ಆರು ಕಿಲೋ ಮೂಟೆಗೆ ಅಲ್ಲೂ ಆರು ಕಿಲೋ ಕಲ್ಲೇ ಬೇಕು. ನಾನು ಮಾಡಿಟ್ಟಿದ್ದು ಎಂಟು ಸುಳ್ಳು ತಕ್ಕಡಿ, ಸಮವಾಗಿ ನಿಂತ ಸುಳ್ಳು.

ಪರೀಕ್ಷಕರಿಗೆ ಕೇಳಿಸಿರಲಿಲ್ಲ. ನಾನು ಇವಳಿಗೆ ಕಣ್ಸನ್ನೆ ಮಾಡಿದೆ, ಬಾಯಿ ಬಿಡಬೇಡ ಅಂತ. ಇವಳದೋ, ಕಳೆದುಹೋದ ಬೀಗದ ಕೈ ಸಿಕ್ಕಿದವಳ ಕಣ್ಣು. "ಸಾರ್, ಒಂದು ನಿಮಿಷ. ಇದು ತಪ್ಪು. ನಾನು ಮಾಡಿದ ತಪ್ಪು" ಅಂತ ಕರೆದೇಬಿಟ್ಟಳು. ಅತ್ತೆ ಮಾಡಿದ್ದು ಅನ್ನಲಿಲ್ಲ, ಗಮನಿಸು. ಎಲ್ಲರ ಮುಂದೆ ಮೂಟೆ ಬಿಚ್ಚಿ ಹತ್ತಿ ಹೊರಗೆ ಸುರಿದಳು. ಹೆಡ್‌ಮೇಷ್ಟ್ರು ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಟ್ಟರು. ಆಮೇಲೆ ನಿಜವಾದ ಆರು ಕಿಲೋ ಮರಳು ತುಂಬಿಸಿ, ತರಕಾರಿಯವಳ ಅಂಗಡಿಯಿಂದ ಸ್ಪ್ರಿಂಗ್ ತಕ್ಕಡಿ ತರಿಸಿ, ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಆರಕ್ಕೆ ನಿಂತಿತು. ಮೂಟೆಯ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದಳು, ಮುಳ್ಳು ಒಂದಕ್ಕೆ ಇಳಿಯುವ ತನಕ. "ಕೊಕ್ಕೆಗೆ ಈಗ ಎಷ್ಟು ಭಾರವೋ ಚಂದ್ರನ ಮೇಲೆ ಅಷ್ಟು." ಆಮೇಲೆ ಕೆಳಕ್ಕೆ ಜಗ್ಗಿದಳು, ಮುಳ್ಳು ಹದಿನೈದಕ್ಕೆ. "ಇದು ಗುರು." ಮಕ್ಕಳು ಮುಗಿಬಿದ್ದವು, ನಂದು ನಂದು ಅಂತ. ಪಾಠ ಒಪ್ಪಿಸಿದ್ದ ಗಿಣಿಗಳೆಲ್ಲ ಪ್ರಶ್ನೆ ಕೇಳತೊಡಗಿದವು. ಹಾಗಾದ್ರೆ ಸೂರ್ಯನ ಮೇಲೆ? ತಕ್ಕಡಿ ಕೆಳಗೆ ಬೀಳ್ತಾ ಇದ್ರೆ? ಪರೀಕ್ಷಕರು ಮುಂದಿನ ಕೋಣೆಗೆ ಹೋಗಲೇ ಇಲ್ಲ. ಸಾಲಿನಲ್ಲಿ ನಿಂತು ತಾವೂ ಮಂಗಳನನ್ನು ಎತ್ತಿ ನೋಡಿದರು.

ಎಲ್ಲ ಸುಖಾಂತ ಅಂದುಕೊಂಡೆಯಾ? ಮೊನ್ನೆ ವರದಿ ಬಂತು. ಟೀಚರು ಚೆನ್ನಾಗಿ ಕಲಿಸುತ್ತಾರೆ, ಆದರೆ ಪ್ರದರ್ಶನ ಮೂಲದಲ್ಲೇ ತಪ್ಪಾಗಿತ್ತು, ಖಾಯಂ ಮಾಡುವ ಮೊದಲು ಇನ್ನೊಂದು ವರ್ಷ ನೋಡಬಹುದು ಅಂತ. ಅಡ್ಡಗೋಡೆಯ ಮೇಲೆ ದೀಪ. ನಾನು ಮಂಡಿ ಹಿಡಿದುಕೊಂಡು ಹೆಡ್‌ಮೇಷ್ಟ್ರ ಕೋಣೆಯ ಮೆಟ್ಟಿಲು ಹತ್ತಿ, ತಪ್ಪು ನನ್ನದು, ಅವಳು ಕೇಳಿದ್ದು ಸ್ಪ್ರಿಂಗ್ ತಕ್ಕಡಿ ಅಂತ ಬಾಯಿಬಿಟ್ಟು ಹೇಳಿ ಬಂದೆ. ಅವರು ನಂಬಿದರು, ಆದರೆ ವರದಿ ಮೇಲಕ್ಕೆ ಹೋಗಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದು, ಸುಮ್ಮನಿದ್ದಿದ್ದರೆ ಖಾಯಂ ಆಗುತ್ತಿತ್ತಲ್ಲೇ ಅಂತ ಅವಳನ್ನು ಕೇಳಿದೆ. "ಸುಮ್ಮನಿದ್ದಿದ್ರೆ ನಲವತ್ತು ಮಕ್ಕಳು ಸುಳ್ಳು ಕಲಿತು ಮನೆಗೆ ಹೋಗ್ತಿದ್ವು ಅತ್ತೆ" ಅಂದಳು, ಸೊಪ್ಪು ಬಿಡಿಸುತ್ತಾ, ಇದೇನು ದೊಡ್ಡ ವಿಷಯ ಅನ್ನುವ ಹಾಗೆ. ಆಮೇಲೆ ಒಲೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ನಾನು ನೋಡದವಳ ಹಾಗೆ ಸೊಪ್ಪು ಬಿಡಿಸಿದೆ.

ಮೈ ಕಡೆ ಗಮನವಿರಲಿ. ಕಂಬ ಹತ್ತುವಾಗ ಹಗ್ಗ ಕಟ್ಟಿಕೊಳ್ಳದೆ ಹತ್ತಬೇಡ. ಜೊತೆಯ ಕೆಲಸದವರಿಗೆಲ್ಲ ಕೇಳಿದೆ ಅಂತ ಹೇಳು. ನೂರು ವರ್ಷ ಬಾಳು, ಭೂಮಿಯ ಲೆಕ್ಕದಲ್ಲಿ.

ನಿನ್ನ
ಅಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಚುಟುಕಾಗಿ ಹೇಳುತ್ತೇನೆ. ನೀನು ಅವಳ ಕಿವಿಗೆ ಹಾಕು ಅಂದಿದ್ದ ಮಾತನ್ನು ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಕೆಲಸ ಖಾಯಂ ಆಗುವುದನ್ನು ತಪ್ಪಿಸಿದ್ದು ನಾನು, ಶಿಕ್ಷೆ ಅವಳಿಗೆ ಅಂದರೆ ಅದು ಯಾವ ಗ್ರಹದ ನ್ಯಾಯ? ಇನ್ನೊಂದು ವರ್ಷ ಅವಳು ಅಲ್ಲೇ ಕಲಿಸುತ್ತಾಳೆ. ನೋಡಲು ಬರುವುದಾದರೆ ಬಾ, ಕರೆದುಕೊಂಡು ಹೋಗಲು ಬರಬೇಡ. ಯಾರಿಗೆ ಏನು ದಕ್ಕಿತು ಅಂತ ಕೇಳಿದರೆ, ಮಕ್ಕಳ ಕೈಗೆ ಚಂದ್ರ ಸಿಕ್ಕಿದ. ಪರೀಕ್ಷಕರಿಗೆ ಆಕಳಿಸದ ಒಂದು ಮಧ್ಯಾಹ್ನ. ಹೆಡ್‌ಮೇಷ್ಟ್ರಿಗೆ ಇನ್ನೊಂದು ವರ್ಷ ಒಳ್ಳೆಯ ಟೀಚರು, ಅಗ್ಗಕ್ಕೆ. ತರಕಾರಿಯವಳಿಗೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಲು ಒಂದು ಮಾತು. ನಿನ್ನ ಹೆಂಡತಿಗೆ ಒಂದು ವರ್ಷ. ನನಗೆ ಸೊಸೆ. ನಿನಗೆ ಈ ಸಲ ಏನೂ ಇಲ್ಲ.