ಫ್ರಿಜ್‌ನಲ್ಲಿದ್ದ ಬಾಟಲಿ

ಜುರಾಂಗ್ ಈಸ್ಟ್, ಸಿಂಗಪುರ
೨೩ ಆಗಸ್ಟ್ ೧೯೯೮

ಪ್ರೀತಿಯ ಪದ್ಮಜಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಮುನಿಸೇನೋ ಅಂದುಕೊಂಡಿರುತ್ತೀಯ. ಮುನಿಸು ಇದೆ, ನಿನ್ನ ಮೇಲಲ್ಲ. ನಿನ್ನ ಮಗಳು ತೃಪ್ತಿ ಬಸುರಿ ಎಂದು ಓದಿ ಸಂತೋಷಪಡಲು ಪ್ರಯತ್ನಪಟ್ಟೆ.

ನಮ್ಮ ಗಾರ್ಗಿಯ ಮಗು ಹೋಯಿತು ಕಣೇ. ಏಳು ತಿಂಗಳು ತುಂಬುವ ಮೊದಲೇ ಹುಟ್ಟಿತು. ಗಂಡು. ಒಂದು ಹಗಲು ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡಿತು.

ಮೂರನೆಯ ತಿಂಗಳಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಸೋಂಕು ಇದೆ ಎಂದಿದ್ದರು. ಅವಳಿಗೆ ಉರಿಯಿಲ್ಲ, ನೋವಿಲ್ಲ, ಜ್ವರವಿಲ್ಲ. ಬಸುರಿಯರಲ್ಲಿ ಇದು ಸದ್ದಿಲ್ಲದೆ ಇರುತ್ತದೆ, ಬಿಟ್ಟರೆ ಮೂತ್ರಪಿಂಡಕ್ಕೆ ಏರುತ್ತದೆ, ಹೆರಿಗೆ ಬೇಗ ಆಗಿಬಿಡಬಹುದು ಎಂದು ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ಮುಗಿದ ಮೇಲೆ, ಸೋಂಕು ಹೋಗಿದೆಯೇ ಎಂದು ಇನ್ನೊಮ್ಮೆ ನೋಡಬೇಕಿತ್ತು. ಆ ಬೆಳಿಗ್ಗೆ ಗಾರ್ಗಿ ಮೂತ್ರದ ಬಾಟಲಿಯನ್ನು ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು, ಕ್ಲಿನಿಕ್‌ಗೆ ಕೊಡಲು ಗಂಡನಿಗೆ ಹೇಳಿ ಆಫೀಸಿಗೆ ಹೋದಳು.

ಅವಳ ಅತ್ತೆ ಸತ್ಯವತಿ ಮೈಸೂರಿನಿಂದ ಬಂದು ಇವರ ಜೊತೆಗಿದ್ದಾರೆ. ಮಡಿಯಲ್ಲಿ ನೈವೇದ್ಯದ ಹಾಲು ತೆಗೆಯಲು ಹೋಗಿ ಅದನ್ನು ಕಂಡರು. ಬಾಟಲಿ ಕಕ್ಕಸಿಗೆ ಖಾಲಿಯಾಯಿತು. ಹಾಲು, ಮೊಸರು ಸಿಂಕಿಗೆ. ಎರಡು ಸಲ ಸ್ನಾನ. ಮಗು ಹೋದ ಮೇಲೆ ವಿಷಯ ತಿಳಿದು ನಾನು ಕೇಳಿದ್ದಕ್ಕೆ, "ಮೊಸರಿನ ಪಕ್ಕದಲ್ಲಿ ಇಟ್ಟಿದ್ಲು ರೀ, ಇನ್ನೇನ್ ಮಾಡ್ಲಿ? ನಾವೂ ಹೆತ್ತಿಲ್ವಾ? ಏನೂ ಆಗ್ದೇ ಇರೋದಕ್ಕೂ ಒಂದು ಕಾಯಿಲೆ ಹೆಸರು ಇಲ್ಲಿ" ಎಂದರು.

ಅಳಿಯ ಮಹಾಶಯ ವಿಭವ್, ಸೆಲೆಟಾರ್‌ನಲ್ಲಿ ವಿಮಾನಗಳ ಎಂಜಿನ್ ಬಿಚ್ಚಿ ನೋಡುವವನು, ಅಮ್ಮನಿಗೂ ಹೆಂಡತಿಗೂ ಜಗಳವಾಗದಿರಲೆಂದು ಏನು ಮಾಡಿದ ಗೊತ್ತೇ? ಅದೇ ಬಾಟಲಿ ತೊಳೆದು ತನ್ನದನ್ನೇ ತುಂಬಿಸಿ ಕೊಟ್ಟು ಬಂದ. ಎಲ್ಲ ಸರಿಯಿದೆ ಎಂದು ವರದಿ ಬಂತು. ಗಂಡಸಿನದು ಸರಿಯಿರದೆ ಏನು.

"ಸುಮ್ನೆ ಫಾರ್ಮಾಲಿಟಿ ಟೆಸ್ಟ್ ಅಂದ್ಕೊಂಡೆ ಅತ್ತೆ. ಅವಳಿಗೆ ಸಿಂಪ್ಟಮ್ಸೇ ಇರ್ಲಿಲ್ಲ."

"ಒಂದು ಬೋಲ್ಟ್ ಸಡಿಲ ಇದ್ರೆ ವಿಮಾನ ಕೂಗಿ ಹೇಳತ್ತೇನಪ್ಪಾ? ನೀವೇ ಪರೀಕ್ಷೆ ಮಾಡಿ ನೋಡಲ್ವಾ?" ಎಂದೆ. ತಲೆ ತಗ್ಗಿಸಿದ. ತಗ್ಗಿಸಿದ ತಲೆಯನ್ನು ಕಂಡು ಇನ್ನೂ ಸಿಟ್ಟು ಬಂತು.

ಆರನೆಯ ತಿಂಗಳು ಕಳೆಯುವಾಗ ಚಳಿಜ್ವರ, ಬೆನ್ನು ನೋವು. ಸೋಂಕು ಮೂತ್ರಪಿಂಡ ಮುಟ್ಟಿತ್ತು. ಅದರ ಹಿಂದೆಯೇ ಹೆರಿಗೆ ನೋವು. ಅದರಿಂದಲೇ ಹೀಗಾಯಿತೆಂದು ಖಂಡಿತವಾಗಿ ಹೇಳಲಾರೆ ಎಂದರು ಡಾಕ್ಟರು. ಅವರು ಹೇಳದಿದ್ದರೆ ಬೇಡ, ನಾನು ಹೇಳುತ್ತೇನೆ.

ಎಂ.ಎ. ಓದುವಾಗ ಕರುಣರಸದ ಬಗ್ಗೆ ಪುಟಗಟ್ಟಲೆ ಬರೆದವಳು ನಾನು; ರೌದ್ರಕ್ಕೆ ಉದಾಹರಣೆ ನಿನ್ನಿಂದ ಕಡ ತರುತ್ತಿದ್ದೆ. ಈಗ ಯಾವ ಪದ್ಯ ತೆರೆದರೂ ಎರಡು ಸಾಲಿಗೆ ಮುಚ್ಚುತ್ತೇನೆ. ಶೋಕಕ್ಕೆ ಅಷ್ಟು ಅಂದದ ಮಾತು ಯಾಕೆ ಅನ್ನಿಸುತ್ತದೆ. "ಬೀಗಿತ್ತಿ ಹತ್ರ ಜಗಳ ಆಡಿದ್ರೆ ಮಗು ಬರತ್ತೇನೆ?" ಎನ್ನುತ್ತಾರೆ ನಮ್ಮವರು. ಬರುವುದಿಲ್ಲ. ಹಾಗಂತ ಸುಮ್ಮನಿರಬೇಕೇ?

ತೃಪ್ತಿಗೆ ಹೇಳು: ಏನೂ ಆಗುತ್ತಿಲ್ಲ ಅನ್ನಿಸಿದರೂ ಪರೀಕ್ಷೆ ಮಾಡಿಸಲಿ, ಮಾತ್ರೆ ಕೊಟ್ಟರೆ ಮುಗಿಸಲಿ, ಮತ್ತೆ ಕೇಳಿದರೆ ಮತ್ತೆ ಕೊಡಲಿ, ತನ್ನ ಕೈಯಾರೆ ಕೊಡಲಿ. ಅವಳ ಮಡಿಲು ತುಂಬಲಿ, ನೂರು ಕಾಲ ಬಾಳಲಿ. ನಿನ್ನ ಮೊಣಕಾಲು ನೋವು ಹೇಗಿದೆ, ಬರೆ.

ನಿನ್ನ
ಅರುಂಧತಿ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನಿನ್ನೆ ಅವರ ಮನೆಗೆ ಮೆಣಸಿನ ಸಾರು ಮಾಡಿಕೊಂಡು ಹೋಗಿದ್ದೆ. ಗಾರ್ಗಿ ಹೇಳಿದಳು: "ಅಮ್ಮ, ಬಾಟಲಿ ವಿಷ್ಯ ವಿಭವ್ ಅವತ್ತು ಸಂಜೇನೇ ನಂಗೆ ಹೇಳಿದ್ದ. ಇನ್ನೊಂದ್ ಸ್ಯಾಂಪಲ್ ಕೊಡೋಣ ಅಂತಿದ್ದೆ. ಕೊಟ್ರೆ ಯಾಕೆ ಮತ್ತೆ ಅಂತ ನೀನು ಕೇಳ್ತೀಯ, ಹೇಳಿದ್ರೆ ಅತ್ತೆ ಜೊತೆ ಹೀಗೇ ಜಗಳ ಆಡ್ತೀಯ. ಅದಕ್ಕೇ ಕೊಡ್ದೇ ಸುಮ್ನಿದ್ದೆ. ಸ್ವಲ್ಪ ದಿನ ಬರಬೇಡ." ಅಷ್ಟು ಹೇಳಿ ಸತ್ಯವತಿಯವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಬಾಣಂತನ ತವರಿನದು ಅಲ್ಲವೇನೇ? ಅದನ್ನೂ ಅವರೇ ಮಾಡುತ್ತಿದ್ದಾರೆ.