ಒಳಕಲ್ಲಿನ ನೀರು

ನೆಲಮಂಗಲ
೧೨ ಜುಲೈ ೨೦೨೫

ಪ್ರೀತಿಯ ಭಾನು,

ಫೋನಿನಲ್ಲೇ ಹೇಳಬಹುದಿತ್ತು. ನಿನ್ನ ದನಿ ಕೇಳಿದರೆ ಮಾತು ತಿರುಗಿಸಿಬಿಡುತ್ತೇನೆಂದು ಬರೆಯುತ್ತಿದ್ದೇನೆ. ಸೋಂಪುರದ ಕಾರ್ಖಾನೆಯ ಕೆಲಸಕ್ಕೆ ನಾನು ಒಪ್ಪಿಕೊಂಡೆ. ಹೌದು, ನಿನಗೆ ಬಂದಿದ್ದ, ನೀನು ಬೇಡವೆಂದ ಅದೇ ಕೆಲಸ. ಬಿಹಾರ, ಒಡಿಶಾದಿಂದ ಬಂದ ಕಾರ್ಮಿಕರಿಗೆ ಕನ್ನಡ ಕಲಿಸುವುದು. ಸೋಮವಾರದಿಂದ ಹೋಗಬೇಕು.

ಹದಿನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯರಾಗಿ, ಒಂದೇ ಮೇಜಿನ ಎರಡು ಬದಿಗೆ ಕೂತವರು ನಾವು. ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ಸಲವೂ ಒಟ್ಟಿಗೇ ಕಾದವರು. ಕಾರ್ಖಾನೆಯ ಪತ್ರ ಬಂದಾಗ ನೀನು ಮೊದಲು ನನಗೇ ತೋರಿಸಿದೆ. "ನಿಂಗೆ ಇದೆಲ್ಲಾ ಅರ್ಥ ಆಗುತ್ತೆ, ನೋಡಿ ಹೇಳೇ" ಅಂದೆ. ವರ್ಷಪೂರ್ತಿ ಸಂಬಳ, ಪಿ.ಎಫ್., ಕಂಪನಿಯ ಬಸ್ಸು. ಎಲ್ಲ ಓದಿ ನಾನು ನಕ್ಕೆ. "ಕಾವ್ಯ ಪಾಠ ಮಾಡಿದ ಬಾಯಲ್ಲಿ ಹೆಲ್ಮೆಟ್ ಹಾಕ್ಕೊಳ್ಳಿ, ಕೈ ತೊಳ್ಕೊಳ್ಳಿ ಅಂತ ಹೇಳ್ಕೊಡ್ತೀಯಾ?" ನಿನ್ನ ಮುಖ ಸಣ್ಣದಾಯಿತು.

ಆದರೂ ನಿನಗೆ ಮನಸ್ಸಿತ್ತು. ಅದಕ್ಕೇ ಶಿವಗಂಗೆ ಬೆಟ್ಟಕ್ಕೆ ಹೋದೆವು. ಒಳಕಲ್ಲು ತೀರ್ಥದ ಕುಳಿಯಲ್ಲಿ ಕೈಗೆ ನೀರು ಸಿಕ್ಕಿದರೆ ನೆನೆಸಿದ್ದು ನಡೆಯುತ್ತದೆಂದು ನೀನು ನಂಬಿದವಳು. ಭುಜದವರೆಗೂ ಕೈ ಇಳಿಸಿದರೂ ನಿನಗೆ ಸಿಗಲಿಲ್ಲ. "ನಂದು ಗಿಡ್ಡ ಕೈ ಕಣೇ. ನನ್ನ ಹೆಸ್ರಲ್ಲಿ ನೀನ್ ಹಾಕು" ಅಂದೆ. ನಾನು ಹಾಕಿದೆ. ನೀರಿಲ್ಲ ಅಂದೆ. ಇಳಿಯುವಾಗ ನೀನೇ ಸೌತೆಕಾಯಿ ಕೊಡಿಸಿ, "ಹೋಗ್ಲಿ ಬಿಡೇ, ನಮ್ಗೆ ಕಾಲೇಜೇ ಗಟ್ಟಿ" ಎಂದು ನನ್ನನ್ನು ಸಮಾಧಾನಪಡಿಸಿದೆ. ಮಾರನೆಯ ದಿನ ನೀನು ಕಾರ್ಖಾನೆಯವರಿಗೆ ಬೇಡವೆಂದು ತಿಳಿಸಿದೆ.

ಈಗ ಕಾಲೇಜು ನಮ್ಮಿಬ್ಬರನ್ನೂ ಕರೆದಿಲ್ಲ. ನನಗೆ ಬೇರೆ ದಾರಿ ಇರಲಿಲ್ಲವೆಂದು ಬರೆಯಲು ಹೊರಟಿದ್ದೆ. ಆದರೆ ನಾನು ಅರ್ಜಿ ಕಳಿಸಿದ್ದು ನೀನು ಬೇಡವೆಂದ ಮೂರನೆಯ ದಿನವೇ, ಕಾಲೇಜಿನ ಪಟ್ಟಿ ಬರುವುದಕ್ಕೂ ಮೊದಲು.

ಮೊದಲ ಪಾಠ ಏನು ಮಾಡುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿದರು. ಹೆಲ್ಮೆಟ್‌ನಿಂದ ಶುರು ಮಾಡುತ್ತೇನೆ ಎಂದೆ. ಅವರಿಗೆ ತುಂಬ ಹಿಡಿಸಿತು.

ನೀನು ಬಿಡು ಅಂದರೆ ಬಿಡುತ್ತೇನೆ ಎಂದು ಇಲ್ಲೊಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ನಿನಗೆ ಕಾಣಿಸುತ್ತಿರಬಹುದು. ಬಿಡುವುದಿಲ್ಲ, ಭಾನು. ನನಗೆ ಆ ಕೆಲಸ ಬೇಕು. ನಿನಗೂ ಅಷ್ಟೇ ಬೇಕಿತ್ತು.

ನಿನ್ನ ಮೇಜಿನ ಆಚೆ ಬದಿಯವಳು,
ಆಶಾರಾಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಉಳಿಸಿಕೊಂಡದ್ದು. ಅಂದು ನನ್ನ ಕೈಗೆ ನೀರು ಸಿಕ್ಕಿತ್ತು, ಮಣಿಕಟ್ಟಿನವರೆಗೂ. ನೀನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆ. ನಾನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡೆ.